ರಿಸೆಪ್ಷನ್ ಡೆಕೋರೇಷನ್ ಪ್ಲಾನ್ ಮಾಡೋಕೆ ಮುಂಚೆ ಬಂದೋರು ಕೂರೋ ಕುರ್ಚಿಲಿ ಒಂದ್ಸಲ ಕೂತು ನೋಡಿ

ತಂಗಿ ಮದುವೆ ಫಿಕ್ಸ್ ಆದಾಗಿಂದ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬೇರೆ ಮಾತೇ ಇಲ್ಲ, ಬೆಳಗಾದ್ರೆ ಸಾಕು ಯಾರಾದ್ರೂ ಒಬ್ರು ರಿಸೆಪ್ಷನ್ ಫೋಟೋ ಹಾಕಿರ್ತಾರೆ, ಈ ಬ್ಯಾಕ್‌ಡ್ರಾಪ್ ನೋಡ್ರೋ, ಈ ಹೂವಿನ ಕಮಾನು ನೋಡ್ರೋ, ನಮ್ದೂ ಹಿಂಗೇ ಇರ್ಬೇಕು ಅಂತ. ಡೆಕೋರೇಷನ್ ಜವಾಬ್ದಾರಿ ನಾನೇ ಕೇಳಿ ತಗೊಂಡೆ, ನಂಗೆ ಈ ಕೆಲಸ ಅಂದ್ರೆ ಅಷ್ಟು ಇಷ್ಟ. ಹಿಂದೆ ಕಸಿನ್ಸ್ ಮದುವೆ, ಫ್ರೆಂಡ್ಸ್ ಮದುವೆ ಅಂತ ಸುಮಾರು ಕಡೆ ಡೆಕೋರೇಟರ್‌ಗಳ ಜೊತೆ, ಹೂವಿನವರ ಜೊತೆ, ಲೈಟಿನವರ ಜೊತೆ ನಿಂತು ನೋಡಿ ಕಲ್ತಿದ್ದು ಒಂದಷ್ಟಿದೆ, ಅದನ್ನ ಒಂದ್ಕಡೆ ಬರೆದಿಟ್ರೆ ಇನ್ಯಾರಿಗಾದ್ರೂ ಉಪಯೋಗ ಆಗ್ಬಹುದು ಅಂತ ಈ ಪೋಸ್ಟ್.

ಮೊದಲು ಆ ಫೋಟೋಗಳ ವಿಷಯ. ಇಂಟರ್ನೆಟ್ಟಲ್ಲಿ ಸಿಗೋ ಚೆಂದದ ರಿಸೆಪ್ಷನ್ ಫೋಟೋಗಳನ್ನ ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ಹೋಗಿ, ಬಹಳಷ್ಟರಲ್ಲಿ ಜನಾನೇ ಇರಲ್ಲ. ಖಾಲಿ ಕುರ್ಚಿ, ಖಾಲಿ ಟೇಬಲ್, ಒಂದು ಸುಕ್ಕೂ ಇಲ್ಲದ ಬಟ್ಟೆ. ಎಷ್ಟೋ ಫೋಟೋ ಮದುವೇದೇ ಅಲ್ಲ, ಸ್ಟೈಲ್ಡ್ ಶೂಟ್ ಅಂತಾರಲ್ಲ ಅದು, ಡೆಕೋರೇಟರು ಫೋಟೋಗ್ರಾಫರು ಸೇರ್ಕೊಂಡು ತಮ್ಮ ಕೆಲಸ ತೋರಿಸೋಕೆ ಅಂತಾನೇ ಒಂದೋ ಎರಡೋ ಟೇಬಲ್ ಸಿಂಗರಿಸಿ, ಹಗಲು ಬೆಳಕಲ್ಲಿ ತೆಗೆದಿರೋದು. ಅದರಲ್ಲಿ ತಪ್ಪೇನಿಲ್ಲ, ಆದ್ರೆ ಅದೇ ಟೇಬಲ್ಲನ್ನ ರಾತ್ರಿ ಎಂಟು ಗಂಟೆಗೆ, ನೂರಾರು ಜನ ಓಡಾಡೋ ಹಾಲಲ್ಲಿ, ಟ್ಯೂಬ್‌ಲೈಟ್ ಕೆಳಗೆ ಇಟ್ರೆ ಹೆಂಗಿರತ್ತೆ ಅಂತ ಆ ಫೋಟೋ ಹೇಳಲ್ಲ. ಅದಕ್ಕೇ ನಾನು ಡೆಕೋರೇಟರ್ ಹತ್ರ ಹೋಗೋಕ್ ಮುಂಚೆ ಮಾಡೋ ಮೊದಲನೇ ಕೆಲಸ ಹಾಲ್‌ಗೆ ಹೋಗೋದು, ಅದೂ ಫಂಕ್ಷನ್ ನಡೆಯೋ ಹೊತ್ತಿಗೇ, ಹೋಗಿ ಹಿಂದಿನ ಸಾಲಲ್ಲಿ ಒಂದು ಕುರ್ಚಿ ಹಾಕ್ಕೊಂಡು ಕೂರೋದು. ಅಲ್ಲಿಂದ ಜೋಡಿ ನಿಲ್ಲೋ ಜಾಗ ಕಾಣತ್ತಾ, ಮಧ್ಯ ಕಂಬ ಬರತ್ತಾ, ಯಾವ ಲೈಟ್ ನೇರ ಕಣ್ಣಿಗೆ ಹೊಡಿಯತ್ತೆ, ಎಸಿ ಗಾಳಿ ಎಲ್ಲಿ ಬೀಳತ್ತೆ, ಬಾತ್‌ರೂಮಿಗೆ ದಾರಿ ಯಾವ ಕಡೆ. ಬಂದೋರು ಬ್ಯಾಕ್‌ಡ್ರಾಪ್ ಮುಂದೆ ನಿಲ್ಲೋದು ಫೋಟೋ ತೆಗೆಯೋಷ್ಟು ಹೊತ್ತು ಅಷ್ಟೇ, ಮಿಕ್ಕಿದ್ದೆಲ್ಲಾ ಸಮಯ ಕುರ್ಚಿ ಮೇಲೇ. ದುಡ್ಡು ಮಾತ್ರ ಹೆಚ್ಚಿನ ಕಡೆ ಪೂರ್ತಿ ಬ್ಯಾಕ್‌ಡ್ರಾಪಿಗೇ ಹೋಗ್ಬಿಡತ್ತೆ.

ನನ್ನ ಕೇಳಿದ್ರೆ ಮೊದಲ ದುಡ್ಡು ಲೈಟಿಗೆ ಹೋಗ್ಬೇಕು, ಹೂವಿಗಲ್ಲ. ಒಳ್ಳೇ ಲೈಟಿಂಗ್ ಇದ್ರೆ ಸಾಧಾರಣ ಡೆಕೋರೇಷನ್ನೂ ಚೆನ್ನಾಗಿ ಕಾಣತ್ತೆ, ಕೆಟ್ಟ ಲೈಟಲ್ಲಿ ಎಷ್ಟು ಹೂ ಸುರಿದ್ರೂ ಸಪ್ಪೆ. ಇಲ್ಲಿ ಗೊತ್ತಿರ್ಬೇಕಾದ ನಂಬರ್ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ ಅದು. ಬಲ್ಬಿನ ಡಬ್ಬಿ ಮೇಲೆ ಬರೆದಿರತ್ತೆ ನೋಡಿ, 2700ರಿಂದ 3000 ಕೆಲ್ವಿನ್ ಅಂದ್ರೆ ಬೆಚ್ಚಗಿನ ಹಳದಿ ಛಾಯೆ, 4000 ಅಂದ್ರೆ ಆಫೀಸ್ ಥರ, 6500 ಅಂದ್ರೆ ಪೂರ್ತಿ ನೀಲಿ ಬಿಳುಪು. ಮುಖಕ್ಕೆ ಬೆಚ್ಚಗಿನ ಬೆಳಕೇ ಚೆಂದ. ಅದಕ್ಕಿಂತ ಮುಖ್ಯ ಏನಂದ್ರೆ ಬೆರಕೆ ಆಗ್ಬಾರ್ದು, ಮೇಲೆ 6500ರ ಟ್ಯೂಬ್‌ಲೈಟ್ ಉರೀತಾ ಪಕ್ಕದಲ್ಲಿ ಹಳದಿ ಸೀರಿಯಲ್ ಸೆಟ್ ಇದ್ರೆ ಫೋಟೋದಲ್ಲಿ ಒಂದೇ ಮುಖದ ಅರ್ಧ ನೀಲಿ ಅರ್ಧ ಕಿತ್ತಳೆ ಬರತ್ತೆ, ಯಾವ ಫೋಟೋಗ್ರಾಫರೂ ಅದನ್ನ ಆಮೇಲೆ ಪೂರ್ತಿ ಸರಿ ಮಾಡೋಕಾಗಲ್ಲ. ಹಾಗಾಗಿ ಹಾಲಿನವರನ್ನ ಕೇಳಿ, ಮೇಲಿನ ಲೈಟ್ ಆಫ್ ಮಾಡೋಕಾಗತ್ತಾ, ಡಿಮ್ ಮಾಡೋಕಾಗತ್ತಾ, ಸ್ವಿಚ್ ಎಲ್ಲಿದೆ, ಯಾರ ಕೈಲಿದೆ. ಇನ್ನೊಂದು ಸಿಆರ್‌ಐ ಅಂತ, ಬಣ್ಣನ ಎಷ್ಟು ಸರಿಯಾಗಿ ತೋರಿಸತ್ತೆ ಅನ್ನೋ ಅಳತೆ, 100 ಅಂದ್ರೆ ಫುಲ್ ಮಾರ್ಕ್ಸು, ಜೋಡಿ ನಿಲ್ಲೋ ಕಡೆ 90ಕ್ಕಿಂತ ಮೇಲಿರೋದನ್ನೇ ಕೇಳಿ. ಅಗ್ಗದ ಎಲ್‌ಇಡಿಲಿ ಕೆಂಪು ಬಣ್ಣ ಸತ್ತೇ ಹೋಗತ್ತೆ, ಕೆಂಪು ಬಟ್ಟೆ ಕಂದು ಕಾಣತ್ತೆ, ಮುಖ ಬಾಡಿದಂಗೆ ಕಾಣತ್ತೆ. ಅಷ್ಟು ಆಸೆ ಪಟ್ಟು ಬಣ್ಣ ಆರಿಸಿ ಬಟ್ಟೆ ತಗೊಂಡಿರ್ತೀವಿ, ಅದು ಬೇರೆ ಬಣ್ಣ ಕಂಡ್ರೆ ಎಷ್ಟು ಬೇಜಾರು.

ನೆಲದಿಂದ ಮೇಲಕ್ಕೆ ಬೆಳಕು ಹಾಯಿಸೋ ಅಪ್‌ಲೈಟ್ ನೇರಳೆ, ಹಸಿರು, ನೀಲಿ ಬಣ್ಣದಲ್ಲಿ ಇಷ್ಟ ಇದ್ರೆ ಹಾಕಿಸಿ, ಆದ್ರೆ ಗೋಡೆಗೆ ಮಾತ್ರ, ಜನ ಕೂರೋ ಕಡೆ ತಿರುಗಿಸ್ಬೇಡಿ. ಹಸಿರು ಬೆಳಕಲ್ಲಿ ಊಟದ ತಟ್ಟೆ ನೋಡಿದ್ರೆ ಹಸಿವೇ ಹೋಗತ್ತೆ. ಆಮೇಲೆ ಈ ನಿಯಾನ್ ಬೋರ್ಡ್, ಹುಡುಗ ಹುಡುಗಿ ಹೆಸರು ಬರೆಸಿ ಹೂವಿನ ಗೋಡೆ ಮೇಲೆ ತೂಗಾಕ್ತಾರಲ್ಲ, ಈಗ ಬರೋದು ನಿಜವಾದ ನಿಯಾನ್ ಅಲ್ಲ, ನಿಜವಾದ ನಿಯಾನ್ ಅಂದ್ರೆ ಗಾಜಿನ ಕೊಳವೆಯೊಳಗೆ ಅನಿಲ ತುಂಬಿ ಹೈ ವೋಲ್ಟೇಜಲ್ಲಿ ಉರಿಸೋ ವಿದ್ಯೆ, 1910ರಲ್ಲಿ ಪ್ಯಾರಿಸ್ಸಲ್ಲಿ ಜಾರ್ಜ್ ಕ್ಲಾಡ್ ಅನ್ನೋ ಎಂಜಿನಿಯರ್ ಜನಕ್ಕೆ ತೋರಿಸಿದ್ದು. ನಮ್ಗೆ ಬಾಡಿಗೆಗೆ ಸಿಗೋದು ಸಿಲಿಕೋನ್ ಪಟ್ಟಿಯೊಳಗಿನ ಎಲ್‌ಇಡಿ, ಬಿಸಿ ಆಗಲ್ಲ, ಒಡಿಯಲ್ಲ, ಮಕ್ಕಳು ಮುಟ್ಟಿದ್ರೂ ಭಯ ಇಲ್ಲ. ಬೋರ್ಡು ಮಾತ್ರ ಮುಖದ ಪಕ್ಕಕ್ಕೆ ಬರದೆ ತಲೆಗಿಂತ ಸಾಕಷ್ಟು ಮೇಲೆ ಇರ್ಲಿ, ಇಲ್ಲಾಂದ್ರೆ ಕ್ಯಾಮೆರಾ ಆ ಬೆಳಕಿಗೆ ಹೊಂದ್ಕೊಂಡು ಮುಖ ಕಪ್ಪಾಗಿ ಬರತ್ತೆ.

ಟೇಬಲ್ ಲೆಕ್ಕ ಇದಕ್ಕಿಂತ ಸುಲಭ, ಆದ್ರೂ ಜನ ಇಲ್ಲೇ ಇಕ್ಕಟ್ಟು ಮಾಡ್ಕೋತಾರೆ. 5 ಅಡಿಯ ದುಂಡು ಟೇಬಲ್ಲಿಗೆ ಆರಾಮಾಗಿ 8 ಜನ, 6 ಅಡಿಯದ್ದಕ್ಕೆ 10 ಜನ. ಒಂದು ಟೇಬಲ್ಲಿಗೂ ಇನ್ನೊಂದಕ್ಕೂ ಮಧ್ಯ 5 ಅಡಿ ಆದ್ರೂ ಬಿಟ್ರೆ ಎರಡೂ ಕಡೆ ಕುರ್ಚಿ ಎಳೆದು ಕೂತ ಮೇಲೂ ನಡುವೆ ಒಬ್ರು ತಟ್ಟೆ ಹಿಡ್ಕೊಂಡು ಹೋಗ್ಬಹುದು. ವೀಲ್‌ಚೇರ್ ಬರೋದಿದ್ರೆ ಆ ದಾರಿ ಎಲ್ಲೂ 3 ಅಡಿಗಿಂತ ಕಮ್ಮಿ ಆಗ್ಬಾರ್ದು, ಮತ್ತೆ ಅವರ ಟೇಬಲ್ ಮೂಲೇಲಿ ಹಾಕ್ಬೇಡಿ ದಯವಿಟ್ಟು, ಒಂದು ಕುರ್ಚಿ ತೆಗೆದು ಎಲ್ಲರ ಮಧ್ಯಾನೇ ಜಾಗ ಮಾಡಿ. ವಯಸ್ಸಾದವರನ್ನ ಮರ್ಯಾದೆ ಅಂತ ಮುಂದಿನ ಸಾಲಲ್ಲಿ ಕೂರಿಸ್ತೀವಿ, ಎಷ್ಟೋ ಕಡೆ ಸ್ಪೀಕರ್ ಇರೋದೂ ಅಲ್ಲೇ, ಪಾಪ ಅವರು ಇಡೀ ಸಂಜೆ ಕಿವಿ ಹಿಡ್ಕೊಂಡು ಕೂತಿರ್ತಾರೆ. ಹಿಯರಿಂಗ್ ಏಡ್ ಹಾಕ್ಕೊಂಡೋರಿಗಂತೂ ಇನ್ನೂ ಕಷ್ಟ, ಸದ್ದು ಜೋರಾದಷ್ಟೂ ಮಾತು ಬಿಡಿಸಿ ಕೇಳ್ಸಲ್ಲ. ಚೆನ್ನಾಗಿ ಕಾಣೋ, ಆದ್ರೆ ಸ್ಪೀಕರಿಂದ ದೂರ ಇರೋ ಟೇಬಲ್ ಯಾವ್ದು ಅಂತ ಮೊದಲೇ ನೋಡಿಟ್ಕೊಂಡು ಅವರ ಹೆಸರಿಗೆ ಬರೆದಿಡಿ.

ಸದ್ದಿನ ಮಾತು ಬಂತು ಅಂತ ಹೇಳ್ತಿದೀನಿ, ಡೆಕೋರೇಷನ್ ಬರೀ ಕಣ್ಣಿಗಲ್ಲ ಕಿವಿಗೂ. ಟೈಲ್ಸ್ ನೆಲ, ಬರೀ ಗೋಡೆ, ಗಾಜಿನ ಬಾಗಿಲು ಇರೋ ಹಾಲಲ್ಲಿ ಎಲ್ಲಾ ಮಾತೂ ಗೋಡೆಗೆ ಹೊಡೆದು ವಾಪಸ್ ಬಂದು ಗದ್ದಲ ಆಗತ್ತೆ, ಜನ ಇನ್ನೂ ಜೋರಾಗಿ ಮಾತಾಡ್ತಾರೆ, ಆಮೇಲೆ ಮ್ಯೂಸಿಕ್ಕಿನವರು ವಾಲ್ಯೂಮ್ ಏರಿಸ್ತಾರೆ. ದಪ್ಪ ಬಟ್ಟೆಯ ಪರದೆ, ನೆರಿಗೆ ಹಿಡಿದು ತೂಗುಬಿಟ್ಟಿದ್ದು, ನೆಲಕ್ಕೆ ಕಾರ್ಪೆಟ್, ಟೇಬಲ್ ಮೇಲೆ ಬಟ್ಟೆ, ಇವೆಲ್ಲಾ ಸದ್ದನ್ನ ಹೀರ್ಕೊಳತ್ತೆ. ಹಾಗಾಗಿ ಗೋಡೆಗೆ ಏನ್ ಹಾಕ್ಲಿ ಅಂತ ಪ್ಲಾಸ್ಟಿಕ್ ಪ್ಯಾನೆಲ್ಲಿಗೂ ಬಟ್ಟೆಗೂ ಮಧ್ಯ ಗೊಂದಲ ಇದ್ರೆ ಕಣ್ಣು ಮುಚ್ಕೊಂಡು ಬಟ್ಟೆ ಆರಿಸಿ. ಬೆಂಕಿ ಬೇಗ ಹತ್ತದ ಹಾಗೆ ಟ್ರೀಟ್ ಮಾಡಿರೋ ಬಟ್ಟೇನಾ ಅಂತ ಕೇಳೋದು ಮರೀಬೇಡಿ.

ಟೇಬಲ್ ಮಧ್ಯ ಇಡೋ ಸೆಂಟರ್‌ಪೀಸ್ ಒಂದೋ ಗಿಡ್ಡಕ್ಕಿರ್ಬೇಕು, ಒಂದೋ ತುಂಬಾ ಎತ್ತರ ಇರ್ಬೇಕು, ನಡುವೆ ಇದ್ದದ್ದು ಕೆಲ್ಸಕ್ಕೆ ಬರಲ್ಲ. ಹೂವಿನವರು ಹೇಳೋ ಲೆಕ್ಕ, ಒಂದಡಿ ಒಳಗೆ ಮುಗೀಬೇಕು, ಇಲ್ಲಾ ಎರಡಡಿ ಮೇಲಿಂದ ಶುರು ಆಗ್ಬೇಕು, ಮಧ್ಯ ತೆಳ್ಳಗಿನ ಕಂಬ ಮಾತ್ರ. ಮೊಣಕೈ ಟೇಬಲ್ ಮೇಲೆ ಊರಿ ಕೈ ಗಲ್ಲಕ್ಕೆ ಹಿಡಿದು ಕೂತ್ಕೊಳಿ, ನಿಮ್ಮ ಗಲ್ಲಕ್ಕಿಂತ ಕೆಳಗಿದ್ರೆ ಎದುರಿನವರ ಮುಖ ಕಾಣತ್ತೆ. ಎಷ್ಟು ಸಲ ನೋಡಿದೀನಿ, ಬಂದೋರೇ ಆ ಹೂದಾನಿ ಎತ್ತಿ ನೆಲಕ್ಕಿಟ್ಟು ಮಾತಾಡೋಕೆ ಶುರು ಮಾಡೋದು. ಅವರು ಬಂದಿರೋದೇ ಒಬ್ಬರನ್ನೊಬ್ಬರು ನೋಡೋಕೆ, ವರ್ಷಗಟ್ಲೆ ಭೇಟಿ ಆಗದೇ ಇರೋರು ಎದುರುಬದುರು ಕೂತಿರ್ತಾರೆ, ಅವರ ಮಧ್ಯ ನಾವು ಗೋಡೆ ಕಟ್ಟೋದಾ?

ಹೂವಿನ ಬಗ್ಗೆ ಬರೀತಾ ಹೋದ್ರೆ ಮುಗಿಯಲ್ಲ. ಬಣ್ಣ, ಅಂದ ನೋಡಿ ಆರಿಸೋದು ಸರಿ, ಆದ್ರೆ ನೀರಿಲ್ಲದೆ ಎಷ್ಟು ಹೊತ್ತು ನಿಲ್ಲತ್ತೆ ಅನ್ನೋದೇ ಮೊದಲ ಪ್ರಶ್ನೆ ಆಗ್ಬೇಕು. ಕಾರ್ನೇಷನ್, ಸೇವಂತಿಗೆ, ಆರ್ಕಿಡ್ ಇವು ಗಟ್ಟಿ ಜೀವಗಳು. ಹೈಡ್ರೇಂಜಿಯಾ ನೋಡೋಕೆ ಮೋಡದ ಥರ ಇರತ್ತೆ, ಆದ್ರೆ ಬಿಸಿಗೆ, ಗಾಳಿಗೆ ಬಹಳ ಬೇಗ ಸೊರಗತ್ತೆ. ಒಂದು ಮದುವೇಲಿ ಸಂಜೆ ಸೆಟಪ್ ಹೊತ್ತಿಗೆ ಹೈಡ್ರೇಂಜಿಯಾ ಗೊಂಚಲುಗಳೆಲ್ಲಾ ತಲೆ ಬಗ್ಗಿಸ್ಕೊಂಡು ಕೂತಿದ್ವು, ದಳ ಕೈಗೆ ಒದ್ದೆ ಟಿಶ್ಯೂ ಪೇಪರ್ ಥರ ಮೆತ್ತಗೆ ಸಿಗ್ತಿತ್ತು, ಎಲ್ಲರಿಗೂ ಗಾಬರಿ. ಹೂವಿನ ಕೆಲಸ ಮಾಡೋ ಅಕ್ಕ ಒಬ್ರು ಮಾತಾಡ್ದೆ ದೊಡ್ಡ ಟಬ್ಬಲ್ಲಿ ನೀರು ತುಂಬಿ, ಕಾಂಡದ ತುದಿ ಹೊಸದಾಗಿ ಓರೆಗೆ ಕತ್ತರಿಸಿ, ಇಡೀ ಗೊಂಚಲನ್ನ ತಲೆಕೆಳಗಾಗಿ ನೀರಲ್ಲಿ ಮುಳುಗಿಸಿಟ್ರು. ಆ ಹೂ ದಳದ ಮೂಲಕಾನೂ ನೀರು ಕುಡಿಯತ್ತೆ ಅಂತ ನಂಗೆ ಆವತ್ತೇ ಗೊತ್ತಾಗಿದ್ದು. ಸ್ವಲ್ಪ ಹೊತ್ತಲ್ಲೇ ಒಂದೊಂದೇ ದಳ ಬಿರುಸಾಗಿ, ಅವರು ಎತ್ತಿ ಎರಡು ಸಲ ಮೆಲ್ಲಗೆ ಕೊಡವಿ ಜಾಗಕ್ಕಿಟ್ಟಾಗ ಬೆಳಗ್ಗೆ ಕಿತ್ತಿದ್ದು ಅನ್ನೋ ಹಾಗಿತ್ತು. ಅಂಥ ಕೈ ಇರೋರು ಸಿಕ್ರೆ ಹೈಡ್ರೇಂಜಿಯಾ ಧೈರ್ಯವಾಗಿ ಹಾಕಿಸಿ, ಇಲ್ಲಾಂದ್ರೆ ನೀರಿನ ಪಾತ್ರೆ ಇರೋ ಕಡೆ ಮಾತ್ರ.

ಗುಲಾಬಿ ಹಿಂದಿನ ದಿನ ಮೊಗ್ಗಾಗಿ ತಂದ್ರೆ ರಿಸೆಪ್ಷನ್ನಿನಲ್ಲೂ ಮೊಗ್ಗೇ, ಎರಡು ಮೂರು ದಿನ ಮುಂಚೆ ತರಿಸಿ ನೀರಲ್ಲಿಟ್ರೆ ಸರಿಯಾದ ಹೊತ್ತಿಗೆ ಅರಳಿರತ್ತೆ. ಯಾವ ಹೂವಾದ್ರೂ ನೀರೊಳಗೆ ಬರೋ ಎಲೆಗಳನ್ನ ತೆಗೆದುಬಿಡಿ, ಎಲೆ ಕೊಳೆತ್ರೆ ನೀರು ಕೆಡತ್ತೆ, ನೀರು ಕೆಟ್ರೆ ಕಾಂಡ ಕಟ್ಕೊಳತ್ತೆ. ಹಣ್ಣಿನ ಬುಟ್ಟಿ ಇರೋ ರೂಮಲ್ಲಿ ಹೂ ಇಡ್ಬೇಡಿ, ಮಾಗಿದ ಹಣ್ಣಿಂದ ಎಥಿಲೀನ್ ಅನ್ನೋ ಅನಿಲ ಬರತ್ತೆ, ಅದಕ್ಕೆ ಕಾರ್ನೇಷನ್ನಂಥ ಗಟ್ಟಿ ಹೂವೂ ಮುದುರ್ಕೊಳತ್ತೆ. ಲಿಲ್ಲಿ ಹಾಕಿಸಿದ್ರೆ ಒಳಗಿನ ಕಿತ್ತಳೆ ಪುಡಿಯ ಕಡ್ಡಿಗಳನ್ನ ಅರಳಿದ ತಕ್ಷಣ ಕೀಳಿಸಿ, ಆ ಪುಡಿ ಬಟ್ಟೆಗೆ ತಾಗಿದ್ರೆ ಕಲೆ ಹೋಗಲ್ಲ, ಒದ್ದೆ ಕೈಲಿ ಉಜ್ಜಿದ್ರಂತೂ ಇನ್ನೂ ಹರಡತ್ತೆ, ಟೇಪ್ ಅಂಟಿಸಿ ಎತ್ತಬೇಕು. ಘಮ ಜಾಸ್ತಿ ಇರೋ ಸುಗಂಧರಾಜದಂಥ ಹೂ ಬಾಗಿಲ ಹತ್ರ ಇರ್ಲಿ, ಊಟದ ಟೇಬಲ್ ಮೇಲೆ ಬೇಡ, ಕೆಲವರಿಗೆ ತಲೆನೋವು ಬರತ್ತೆ. ಬಜೆಟ್ ಕಮ್ಮಿ ಇದ್ರೆ ಎತ್ತರದಲ್ಲಿ, ಕೈಗೆ ಎಟುಕದ ಕಡೆ ಆರ್ಟಿಫಿಷಿಯಲ್, ಕೈಗೆ ಸಿಗೋ ಕಡೆ ಅಸಲಿ ಹೂ. ಇದ್ರಲ್ಲಿ ಮುಚ್ಚುಮರೆ ಏನೂ ಬೇಡ, ಬಾಡಿಗೆಗೆ ಬರೋ ಒಳ್ಳೇ ಆರ್ಟಿಫಿಷಿಯಲ್ ಹೂ ಹತ್ತಾರು ಮದುವೆ ನೋಡತ್ತೆ, ವೇಸ್ಟ್ ಆಗಲ್ಲ.

ಆ ಹಸಿರು ಸ್ಪಾಂಜ್ ಬಗ್ಗೆ ಮಾತ್ರ ನಂಗೆ ಬಲವಾದ ಅಭಿಪ್ರಾಯ ಇದೆ. ಹೂ ಚುಚ್ಚೋಕೆ ಇಟ್ಟಿಗೆ ಥರ ಬರತ್ತಲ್ಲ, ಫ್ಲೋರಲ್ ಫೋಮ್, 1954ರಲ್ಲಿ ಅಮೆರಿಕದ ವರ್ನನ್ ಸ್ಮಿದರ್ಸ್ ಕಂಡುಹಿಡಿದಿದ್ದು. ಫೀನಾಲ್ ಫಾರ್ಮಾಲ್ಡಿಹೈಡ್ ಪ್ಲಾಸ್ಟಿಕ್ ಅದು, ಒಂದೇ ಸಲ ಉಪಯೋಗ, ಕೈಲಿ ಹಿಸುಕಿದ್ರೆ ಪುಡಿಪುಡಿ ಆಗಿ ನೀರಿನ ಜೊತೆ ಚರಂಡಿಗೆ ಹೋಗತ್ತೆ, ಆ ಪುಡಿ ಅಲ್ಲಿಂದ ಎಲ್ಲಿಗೆ ಹೋಗತ್ತೆ ಯೋಚ್ನೆ ಮಾಡಿ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಹೂವಿನ ಪ್ರದರ್ಶನಗಳಲ್ಲಿ ಇದನ್ನ ಬಳಸೋ ಹಾಗಿಲ್ಲ ಅಂತ ನಿಲ್ಲಿಸಿಬಿಡ್ತು, ಅಷ್ಟು ದೊಡ್ಡ ಶೋಗಳೇ ಇಲ್ಲದೆ ನಡೆಯತ್ತೆ ಅಂದ್ರೆ ಒಂದು ರಿಸೆಪ್ಷನ್ ನಡೆಯಲ್ವಾ. ಕೋಳಿ ಗೂಡಿಗೆ ಹಾಕೋ ತಂತಿ ಬಲೆ ಇದ್ಯಲ್ಲ, ಅದನ್ನ ಉಂಡೆ ಮಾಡಿ ಪಾತ್ರೆಯೊಳಗಿಟ್ಟು ಹೂ ಚುಚ್ಚಿದ್ರೆ ಗಟ್ಟಿಯಾಗಿ ನಿಲ್ಲತ್ತೆ, ಕೆಳಗೆ ನೀರೂ ಇರತ್ತೆ. ಜಪಾನಿನವರು ಬಳಸೋ ಕೆಂಜಾನ್ ಅಂತ ಮುಳ್ಳಿನ ಬಿಲ್ಲೆ ಇನ್ನೂ ಒಳ್ಳೇದು, ಒಂದ್ಸಲ ತಗೊಂಡ್ರೆ ಜೀವನ ಪೂರ್ತಿ ಬರತ್ತೆ.

ಇನ್ನು ಈಗಿನ ಪದ್ಧತಿಗಳು. ಜನ ಪದ್ಧತಿ ಅಂದ ತಕ್ಷಣ ಅನಾದಿ ಕಾಲದ್ದು ಅನ್ಕೋತಾರೆ, ಅದು ಮಾಡ್ದೇ ಇದ್ರೆ ಏನ್ ಅನ್ಕೋತಾರೋ ಅಂತ ಹೆದರ್ತಾರೆ. ಬಿಳಿ ಥೀಮ್ ತಗೊಳಿ, 1840ರಲ್ಲಿ ರಾಣಿ ವಿಕ್ಟೋರಿಯಾ ಬಿಳಿ ಉಡುಪಲ್ಲಿ ಮದುವೆ ಆದ್ಮೇಲೆ ಅದು ಫ್ಯಾಷನ್ ಆಗಿದ್ದು. ಬೇಕಾದ ಗಿಫ್ಟುಗಳ ಪಟ್ಟಿ ಮೊದಲೇ ಕೊಡೋ ರಿಜಿಸ್ಟ್ರಿ ಪದ್ಧತಿಯನ್ನ ಶುರು ಮಾಡಿದ್ದು ಷಿಕಾಗೋದ ಒಂದು ಅಂಗಡಿ, 1924ರಲ್ಲಿ. ಫೋಟೋ ಬೂತ್ ಹೊಸದು ಅನ್ಕೊಂಡಿದ್ದೆ ನಾನು, ಆದ್ರೆ ಅದು 1925ರಲ್ಲೇ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅನಾಟೋಲ್ ಜೋಸೆಫೊ ಅನ್ನೋರು ತೆರೆದಿದ್ದು, ನಾಣ್ಯ ಹಾಕಿದ್ರೆ ಫೋಟೋ ಪಟ್ಟಿ ಬರ್ತಿತ್ತು. ಹೂವಿನ ಗೋಡೆ, ಹ್ಯಾಷ್‌ಟ್ಯಾಗ್ ಇವೆಲ್ಲಾ ಇನ್ನೂ ಮೊನ್ನೆ ಮೊನ್ನೆದು, ಇನ್‌ಸ್ಟಾಗ್ರಾಮ್ ಶುರು ಆಗಿದ್ದೇ 2010ರಲ್ಲಿ. ಎಲ್ಲಾನೂ ಯಾರೋ ಒಬ್ರು ಒಂದಿನ ಶುರು ಮಾಡಿದ್ದೇ, ಹಾಗಾಗಿ ಇಷ್ಟ ಆದ್ರೆ ಮಾಡಿ, ಇಷ್ಟ ಇಲ್ಲಾಂದ್ರೆ ಬಿಡಿ, ಯಾರ ಅಪ್ಪಣೆನೂ ಬೇಕಾಗಿಲ್ಲ. ಆ ಸಂಜೆ ಹುಡುಗ ಹುಡುಗೀದು.

ನಂಗೆ ಹೊಸ ಪದ್ಧತಿಗಳಲ್ಲಿ ತುಂಬಾ ಇಷ್ಟ ಆಗಿದ್ದು ಆಡಿಯೋ ಗೆಸ್ಟ್‌ಬುಕ್. ಹಳೇ ಕಾಲದ ಫೋನ್ ಒಂದು ಟೇಬಲ್ ಮೇಲೆ ಇಟ್ಟಿರ್ತಾರೆ, ರಿಸೀವರ್ ಎತ್ತಿ ಬೀಪ್ ಆದ್ಮೇಲೆ ಮಾತಾಡಿದ್ರೆ ರೆಕಾರ್ಡ್ ಆಗತ್ತೆ. ಪುಸ್ತಕದಲ್ಲಿ ಬರೀ ಅಂದ್ರೆ ಎಲ್ಲರೂ ಹಾರೈಕೆ ಒಂದು ಸಾಲು ಬರೆದು ಸಹಿ ಹಾಕಿ ಹೋಗ್ತಾರೆ, ಫೋನ್ ಹಿಡಿದ್ರೆ ಮಾತೇ ಬೇರೆ, ಅಜ್ಜ ಅಜ್ಜಿಯರು ಒಳಗಿಂದ ಮಾತಾಡ್ತಾರೆ, ಮಕ್ಕಳು ಏನೇನೋ ಹೇಳಿ ನಗ್ತಾರೆ, ಆ ಧ್ವನಿಗಳು ಮುಂದೆ ಎಷ್ಟೋ ವರ್ಷ ಇರತ್ತೆ. ಇದನ್ನ ಇಡೋದು ಗದ್ದಲ ಕಮ್ಮಿ ಇರೋ ಕಡೆ, ಸ್ಪೀಕರ್ ಪಕ್ಕ ಇಟ್ರೆ ಬರೀ ಹಾಡೇ ರೆಕಾರ್ಡ್ ಆಗಿರತ್ತೆ. ಟೇಬಲ್ ಮೇಲೆ ಕ್ಯೂಆರ್ ಕೋಡ್ ಇಟ್ಟು ಬಂದೋರು ತೆಗೆದ ಫೋಟೋನೆಲ್ಲಾ ಒಂದೇ ಆಲ್ಬಮ್ಮಿಗೆ ಹಾಕಿಸ್ಕೊಳೋದೂ ಒಳ್ಳೇ ಐಡಿಯಾನೇ, ಹಾಲಲ್ಲಿ ನೆಟ್‌ವರ್ಕ್ ಸಿಗತ್ತಾ ನೋಡ್ಕೊಂಡು ಮಾಡಿ. ಇನ್ನು ಸ್ವಲ್ಪ ಹೊತ್ತು ಫೋನ್ ಕೆಳಗಿಡಿ ಅಂತ ಕೇಳ್ಕೊಳೋದು, ಅದನ್ನ ಬೋರ್ಡಲ್ಲಿ ಬರೆದ್ರೆ ಯಾರೂ ಓದಲ್ಲ, ಮೈಕಲ್ಲಿ ಯಾರಾದ್ರೂ ಪ್ರೀತಿಯಿಂದ ಹೇಳಿದ್ರೆ ಎಲ್ಲರೂ ಕೇಳ್ತಾರೆ.

ಹೊಗೆ, ಕಿಡಿ, ಬೆಂಕಿ ಬಗ್ಗೆ ಹುಷಾರು, ಇಲ್ಲಿ ಅಂದಕ್ಕಿಂತ ಸೇಫ್ಟಿ ಮುಖ್ಯ. ಜೋಡಿ ಮೋಡದ ಮೇಲೆ ನಡೆದಂಗೆ ಕಾಣೋ ಆ ಹೊಗೆ ಡ್ರೈ ಐಸಿಂದ ಬರೋದು, ಅದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಬರಿಗೈಲಿ ಮುಟ್ಟಿದ್ರೆ ಚರ್ಮ ಸುಡತ್ತೆ, ಮತ್ತೆ ಆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬ್ಕೊಳತ್ತೆ, ಅಲ್ಲಿ ಉಸಿರಾಡೋರು ಪುಟ್ಟ ಮಕ್ಕಳು. ಗಾಳಿ ಆಡದ ಮುಚ್ಚಿದ ರೂಮಲ್ಲಿ ಬೇಡವೇ ಬೇಡ. ಕೈಲಿ ಹಿಡಿಯೋ ಸುರ್‌ಸುರ್ ಬತ್ತಿ ಸಾವಿರ ಡಿಗ್ರಿ ಆಸುಪಾಸು ಬಿಸಿ ಇರತ್ತೆ, ನೈಲಾನ್, ಪಾಲಿಯೆಸ್ಟರ್ ಬಟ್ಟೆ ಹಾಕ್ಕೊಂಡೋರ ಸಾಲಿನ ಮಧ್ಯ ಅದು ಸರಿ ಬರಲ್ಲ. ಕ್ಯಾಂಡಲ್ ಆಸೆ ಇದ್ರೆ ಜ್ವಾಲೆಗಿಂತ ಎತ್ತರದ ಗಾಜಿನೊಳಗೆ ಇಡಿ, ಇಲ್ಲಾ ಎಲ್‌ಇಡಿ ಕ್ಯಾಂಡಲ್, ಎಷ್ಟೋ ಹಾಲುಗಳಲ್ಲಿ ತೆರೆದ ಬೆಂಕಿಗೆ ಪರ್ಮಿಷನ್ನೇ ಇಲ್ಲ. ಮೇಲಿಂದ ಸುರಿಯೋಕೆ ಪ್ಲಾಸ್ಟಿಕ್ ಮಿಂಚಿನ ಪುಡಿ ಬದಲು ಒಣಗಿದ ಹೂವಿನ ದಳ ಸಾಕು, ಯುರೋಪಿಯನ್ ಯೂನಿಯನ್ ಬಿಡಿ ಗ್ಲಿಟರ್ ಮಾರಾಟಕ್ಕೆ 2023ರಲ್ಲೇ ನಿರ್ಬಂಧ ಹಾಕಿದೆ. ಬಲೂನ್ ಆಕಾಶಕ್ಕೆ ಬಿಡೋದು ದಯವಿಟ್ಟು ಬೇಡ, ಎಲ್ಲೋ ಹೋಗಿ ಬಿದ್ದು ಯಾವ್ದೋ ಪ್ರಾಣಿ ಗಂಟಲಿಗೆ ಸಿಗತ್ತೆ.

ಈಗ ರಿಟರ್ನ್ ಗಿಫ್ಟ್, ನಮ್ಮನೇಲಿ ಅತಿ ಹೆಚ್ಚು ಚರ್ಚೆ ಆಗ್ತಿರೋದು ಇದೇ. ಯುರೋಪಿನ ಶ್ರೀಮಂತರು ಮದುವೆಗೆ ಬಂದೋರಿಗೆ ಬಾನ್‌ಬಾನಿಯೇರ್ ಅಂತ ಚಿಕ್ಕ ಅಲಂಕಾರದ ಡಬ್ಬಿ ಕೊಡ್ತಿದ್ರು, ಒಳಗೆ ಸಕ್ಕರೆ ಮಿಠಾಯಿ, ಆಗ ಸಕ್ಕರೆ ಅಂದ್ರೆ ಅಷ್ಟು ದುಬಾರಿ ಪದಾರ್ಥ. ಆಮೇಲೆ ಸಕ್ಕರೆ ಲೇಪಿಸಿದ 5 ಬಾದಾಮಿ ಕೊಡೋ ಪದ್ಧತಿ ಬಂತು, ಆರೋಗ್ಯ, ಐಶ್ವರ್ಯ, ಸಂತೋಷ, ಸಂತಾನ, ದೀರ್ಘಾಯುಸ್ಸು ಅಂತ ಐದು ಹಾರೈಕೆಗೆ. ಈ ಕಲ್ಪನೆ ನಂಗೆ ಬಹಳ ಹಿಡಿಸತ್ತೆ, ಚಿಕ್ಕದು, ಬಾಯಿಗೆ ಹಾಕ್ಕೊಂಡ್ರೆ ಮುಗೀತು, ಆದ್ರೆ ಹಾರೈಕೆ ಇದೆ. ಈಗ ಕೊಡೋದ್ರಲ್ಲಿ ಹೆಚ್ಚಿನದು ಹುಡುಗ ಹುಡುಗಿ ಹೆಸರು, ತಾರೀಕು, ಫೋಟೋ ಅಚ್ಚು ಹಾಕಿಸಿದ ವಸ್ತುಗಳು. ಬಂದೋರು ಎಷ್ಟೇ ಪ್ರೀತಿಯವರಾದ್ರೂ ನಿಮ್ಮ ಹೆಸರಿನ ಮಗ್ಗಲ್ಲಿ ದಿನಾ ಕಾಫಿ ಕುಡಿಯಲ್ಲ, ಎಸೆಯೋಕೂ ಮನಸ್ಸು ಬರಲ್ಲ, ಅಟ್ಟ ಸೇರತ್ತೆ. ಹೆಸರು ತಾರೀಕು ಒಂದು ಚೀಟೀಲಿ ಬರೆದು ದಾರದಲ್ಲಿ ಕಟ್ಟಿ, ವಸ್ತು ಮೇಲೆ ಮಾತ್ರ ಏನೂ ಅಚ್ಚು ಹಾಕಿಸ್ಬೇಡಿ. ಆಗ ಅದು ಅವರದ್ದಾಗತ್ತೆ.

ನನ್ನ ಲೆಕ್ಕದಲ್ಲಿ ತಿನ್ನೋದು, ಉರಿಸೋದು, ಬೆಳೆಸೋದು, ಈ ಮೂರರಲ್ಲಿ ಒಂದಿರ್ಲಿ. ತಿನ್ನೋದಾದ್ರೆ ಒಳಗೆ ಏನೇನಿದೆ ಅಂತ ಚೀಟಿ ಹಾಕಿ, ಕಡಲೆಕಾಯಿ, ಬಾದಾಮಿ, ಗೋಡಂಬಿ ಅಲರ್ಜಿ ಇರೋರಿಗೆ ಪ್ರಾಣದ ವಿಷಯ ಅದು. ದೂರದಿಂದ ವಿಮಾನದಲ್ಲಿ ಬರೋರು ಇದ್ರೆ ಇನ್ನೊಂದು ನೆನಪಿರ್ಲಿ, ಸಣ್ಣ ಬ್ಯಾಗ್ ಹಿಡ್ಕೊಂಡು ಬಂದಿರ್ತಾರೆ, ಕ್ಯಾಬಿನ್ನಿಗೆ 100 ಮಿಲಿಗಿಂತ ದೊಡ್ಡ ಡಬ್ಬಿಯ ಜೇನುತುಪ್ಪ, ಜಾಮ್, ಸೆಂಟ್ ಇವನ್ನ ಬಹಳಷ್ಟು ಏರ್‌ಪೋರ್ಟುಗಳಲ್ಲಿ ಬಿಡಲ್ಲ, ಸೆಕ್ಯುರಿಟಿಲಿ ಕಿತ್ತಿಟ್ಕೋತಾರೆ. ಗಟ್ಟಿ ಕ್ಯಾಂಡಲ್ಲಿಗೆ ತೊಂದ್ರೆ ಇಲ್ಲ. ಬೀಜ, ಗಿಡ ಹತ್ತಿರದವರಿಗೆ ಕೊಡೋಕೆ ಎಷ್ಟು ಒಳ್ಳೇದೋ ಬೇರೆ ದೇಶದಿಂದ ಬಂದೋರಿಗೆ ಅಷ್ಟೇ ಕಷ್ಟ, ಆಸ್ಟ್ರೇಲಿಯಾ, ನ್ಯೂಜಿಲೆಂಡಂಥ ಕಡೆ ಬೀಜದ ಪೊಟ್ಟಣ ಹೇಳದೆ ಒಯ್ದ್ರೆ ದಂಡ ಹಾಕ್ತಾರೆ. ಅಂಥೋರಿಗೆ ಬೇರೆ ಏನಾದ್ರೂ ತೆಗೆದಿಡಿ.

ತಲೆಗೊಂದು ಅಂತ ಲೆಕ್ಕ ಹಾಕೋದೂ ಬೇಡ, ಮನೆಗೊಂದು ಸಾಕು, ಗಂಡ ಹೆಂಡತಿ ಇಬ್ಬರು ಮಕ್ಕಳು ಬಂದ್ರೆ ನಾಲ್ಕು ಒಂದೇ ಥರ ಡಬ್ಬಿ ತಗೊಂಡ್ ಹೋಗಿ ಏನ್ ಮಾಡ್ತಾರೆ. ಆ ದುಡ್ಡಲ್ಲಿ ಒಂದನ್ನೇ ಚೆನ್ನಾಗಿರೋದು ಕೊಡಿ. ಟೇಬಲ್ ಮೇಲೆ ಇಟ್ರೆ ಅರ್ಧಕ್ಕರ್ಧ ಅಲ್ಲೇ ಉಳ್ಕೊಂಡಿರತ್ತೆ, ಜನಕ್ಕೆ ಅದು ಡೆಕೋರೇಷನ್ನಾ ತಮಗಾ ಅಂತಾನೇ ಗೊತ್ತಾಗಲ್ಲ. ಹೊರಗೆ ಹೋಗೋ ಬಾಗಿಲಲ್ಲಿ ಮನೆಯವರೇ ಒಬ್ರು ನಿಂತು ಕೈಗೆ ಕೊಟ್ಟು ಬಂದಿದ್ದಕ್ಕೆ ಖುಷಿ ಆಯ್ತು ಅಂದ್ರೆ, ಆ ಮಾತೇ ಅರ್ಧ ಗಿಫ್ಟು. ದಾನ ಮಾಡ್ತೀವಿ, ಗಿಫ್ಟ್ ಕೊಡಲ್ಲ ಅನ್ನೋರೂ ಈಗ ಜಾಸ್ತಿ ಆಗ್ತಿದಾರೆ, ನಂಗೆ ಅದು ತುಂಬಾ ಗೌರವದ ಕೆಲಸ ಅನ್ಸತ್ತೆ, ಯಾವ ಸಂಸ್ಥೆಗೆ, ಯಾಕೆ ಅಂತ ಕಾರ್ಡಲ್ಲಿ ಎರಡು ಸಾಲು ಬರೆದ್ರೆ ಬಂದೋರಿಗೂ ತಮ್ಮ ಪಾಲಿದೆ ಅನ್ಸತ್ತೆ. ನಮ್ಮ ತಂಗಿ ಕ್ಯಾಂಡಲ್ ಅಂತ ತೀರ್ಮಾನ ಮಾಡಿದಾಳೆ, ಚಿಕ್ಕ ಗಾಜಿನ ಲೋಟದಲ್ಲಿ, ಉರಿದು ಮುಗಿದ್ಮೇಲೆ ಲೋಟ ಯಾವುದಕ್ಕಾದ್ರೂ ಬರತ್ತೆ. ಈಗ ದಿನಾ ಸಂಜೆ ಎಲ್ಲರೂ ನೆಲದ ಮೇಲೆ ಕೂತು ಕಟ್ಟೋದೇ ಕೆಲಸ, ಅಮ್ಮ ದಾರ ಒಂದೇ ಅಳತೆಗೆ ಕತ್ತರಿಸಿ ಮೊಣಕಾಲ ಮೇಲೆ ಸಾಲಾಗಿ ಇಟ್ಕೋತಾಳೆ, ದೊಡ್ಡಮ್ಮ ಚೀಟಿಗೆ ತೂತು ಹಾಕ್ತಾರೆ, ತಂಗಿ ತಾನೇ ಕೈಯಾರೆ ಪ್ರತಿ ಚೀಟೀಲೂ ಆ ಮನೆಯವರ ಹೆಸರು ಬರೀತಾಳೆ, ಬರೀತಾ ಬರೀತಾ ಅವರದ್ದು ಒಂದು ಕಥೆ ಬರತ್ತೆ, ಕೈ ನಿಂತು ಮಾತು ಓಡತ್ತೆ. ಮೆಷಿನ್ನಲ್ಲಿ ಪ್ರಿಂಟ್ ಹಾಕಿಸಿದ್ರೆ ಒಂದೇ ದಿನದ ಕೆಲಸ, ಆದ್ರೆ ಈ ಸಂಜೆಗಳು ಸಿಗ್ತಿರ್ಲಿಲ್ಲ.

ಕೊನೇದಾಗಿ ಡೆಕೋರೇಟರ್ ಹತ್ರ ಮಾತಾಡೋದು. ಫೋಟೋ ತೋರಿಸಿ ಇದೇ ಥರ ಮಾಡ್ಕೊಡಿ ಅಂದ್ರೆ ಅವರೂ ಆಯ್ತು ಅಂತಾರೆ, ಆಮೇಲೆ ಫೋಟೋದಲ್ಲಿದ್ದದ್ದು 20 ಅಡಿ, ನಿಮ್ಗೆ ಸಿಗೋದು 12 ಅಡಿ. ಅಳತೆ ಬರೆಸ್ಕೊಳಿ, ಉದ್ದ, ಎತ್ತರ, ಯಾವ ಹೂ, ಅದರಲ್ಲಿ ಅಸಲಿ ಎಷ್ಟು ಆರ್ಟಿಫಿಷಿಯಲ್ ಎಷ್ಟು, ಆ ಹೂ ಸಿಗದಿದ್ರೆ ಬದಲಿಗೆ ಯಾವ್ದು, ಸೆಟಪ್ ಎಷ್ಟು ಗಂಟೆಗೆ ಮುಗಿಯತ್ತೆ, ಲೈಟಿಗೆ ಎಷ್ಟು ಕರೆಂಟ್ ಬೇಕು, ಹಾಲಿನ ಲೈನ್ ತಡ್ಕೊಳತ್ತಾ ಜನರೇಟರ್ ಬೇಕಾ, ನೆಲದ ಮೇಲೆ ಹಾದು ಹೋಗೋ ವೈರಿಗೆ ಟೇಪ್ ಯಾರು ಹಾಕ್ತಾರೆ, ಎಲ್ಲಾನೂ ಬರವಣಿಗೇಲಿ ಇರ್ಲಿ. ಒಳ್ಳೇ ಡೆಕೋರೇಟರ್ ಇಷ್ಟೆಲ್ಲಾ ಕೇಳಿದ್ರೆ ಬೇಜಾರ್ ಮಾಡ್ಕೊಳಲ್ಲ, ಖುಷಿ ಪಡ್ತಾರೆ.

ಮುಗಿದ ಮೇಲೆ ಬಿಚ್ಚೋ ಕೆಲಸಾನೂ ಅದೇ ಕಾಗದದಲ್ಲಿ ಬರ್ಬೇಕು. ಹಾಲ್ ಎಷ್ಟೊತ್ತಿಗೆ ಖಾಲಿ ಮಾಡ್ಬೇಕು, ಬಾಡಿಗೆ ಸಾಮಾನು ಎಣಿಸೋರು ಯಾರು, ಹೂ ಎಲ್ಲಿಗೆ ಹೋಗತ್ತೆ. ಹೂ ವಿಷಯ ಹಿಂದಿನ ದಿನವೇ ಫೋನ್ ಮಾಡಿ ಇಟ್ಕೊಂಡ್ರೆ ವೃದ್ಧಾಶ್ರಮ ಅಥವಾ ಆಸ್ಪತ್ರೆಗೆ ಕೊಡ್ಬಹುದು, ಅವರಿಗೆ ಬೇಕಾ, ಯಾವ ಹೂ ಒಳಗೆ ಬಿಡ್ತಾರೆ ಅಂತ ಕೇಳ್ಕೊಳಿ. ಉಳಿದಿದ್ದನ್ನ ಬಂದೋರಿಗೇ ಕೊಟ್ಟು ಕಳಿಸೋ ಪದ್ಧತಿ ಈಗ ಚೆನ್ನಾಗಿ ಬೆಳೀತಿದೆ, ಪೇಪರಲ್ಲಿ ಸುತ್ತಿ ಕೊಡೋಕೆ ಒಬ್ಬರನ್ನ ನೇಮಿಸಿ, ಹಳೇ ನ್ಯೂಸ್‌ಪೇಪರ್, ರಬ್ಬರ್ ಬ್ಯಾಂಡ್ ಮೊದಲೇ ತಂದಿಡಿ. ಲಿಲ್ಲಿ ಕೊಡೋಕ್ ಮುಂಚೆ ಮಾತ್ರ ಮನೇಲಿ ಬೆಕ್ಕಿದ್ಯಾ ಅಂತ ಕೇಳಿ, ಲಿಲ್ಲಿಯ ಎಲೆ, ದಳ, ಪುಡಿ, ಅದಿಟ್ಟ ನೀರು ಕೂಡ ಬೆಕ್ಕಿನ ಕಿಡ್ನಿ ಹಾಳು ಮಾಡತ್ತೆ. ಬೆಕ್ಕಿರೋ ಮನೆಯವರಿಗೆ ಗುಲಾಬಿ ಕೊಟ್ಟು ಕಳಿಸಿ.